ಅಚ್ಯುತ ಮಾಷ್ ಕಟ್ಟಿದ ಹೈಸ್ಕೂಲು

ಆ ದಿನ ಬೆಳಿಗ್ಗೆಯೂ ನಾನು ಎಂದಿನಂತೆ ಒಲೆಯ ಬೂದಿ ಬಾಚಿ, ಹಂಡೆಗೆ ನೀರು ತುಂಬಿ, ನಮ್ಮವರ ಕಾಫಿಗೆ ಬೆಲ್ಲ ಕುಟ್ಟುತ್ತಿದ್ದೆ. ಜೂನಿನ ಮೊದಲ ಮಳೆ ಬಿದ್ದು ಎರಡು ದಿನವಾಗಿತ್ತು. ಅಂಗಳದ ಕಲ್ಲುಸಂದಿಗಳಲ್ಲಿ ಜಿಗಣೆ ಏಳುತ್ತದೆಂದು ಹೊಗೆಸೊಪ್ಪು ನೆನೆಸಿದ ನೀರಿನ ಚೊಂಬನ್ನು ಬಾಗಿಲ ಪಕ್ಕ ಇಟ್ಟಿದ್ದೆ. ಅಷ್ಟರಲ್ಲಿ ರಸ್ತೆಯ ತಿರುವಿನಾಚೆಯಿಂದ ಗಟ್ಟಿಯಾಗಿ ಹಾಡು ಕೇಳಿಸಿತು. ಅಚ್ಯುತ ಮಾಷ್ ಬರುತ್ತಿದ್ದಾರೆಂದು ಕಾಫಿಗೆ ಇನ್ನೊಂದು ಲೋಟ ನೀರು ಸೇರಿಸಿದೆ.

ಹಾಡು ಎಂದರೆ ಕುಳಿತು ಕೇಳುವಂಥದ್ದಲ್ಲ. ಕಾಸರಗೋಡಿನ ಕಡೆಯ ಮನುಷ್ಯ, ಯಕ್ಷಗಾನದ ಪದ ಹೇಳುತ್ತಿದ್ದರು. ತಾಳ ಒಂದಿಷ್ಟೂ ತಪ್ಪುತ್ತಿರಲಿಲ್ಲ, ಸ್ವರ ಮಾತ್ರ ಬೇಲಿ ಹಾರಿದ ಕರುವಿನಂತೆ ಎಲ್ಲೆಲ್ಲೋ ಓಡುತ್ತಿತ್ತು. ಶಾಲೆಗೆ ಹೋಗುವಾಗ, ಶಾಲೆಯಿಂದ ಬರುವಾಗ, ಕಾಡಂಚಿನ ಆದಿವಾಸಿಗಳ ಹಾಡಿಗೆ ಹೋಗುವ ಕಾಲುದಾರಿಯಲ್ಲಿ, ಎಲ್ಲೆಲ್ಲೂ ಹಾಡು. ಯಾಕೆ ಮಾಷೇ ಹೀಗೆ ಎಂದು ಒಮ್ಮೆ ಕೇಳಿದ್ದೆ.

"ಅಕ್ಕಾ, ಈ ಕಾಲದಲ್ಲಿ ಸದ್ದಿಲ್ಲದೆ ನಡೆಯುವವನನ್ನು ಪೊಲೀಸರೂ ನಂಬುವುದಿಲ್ಲ, ಕಾಡಿನೊಳಗೆ ಇರುವವರೂ ನಂಬುವುದಿಲ್ಲ. ಹಾಡಿಕೊಂಡು ಬರುವವನು ಹೇಗೂ ಮರುಳ ಅಂತ ಇಬ್ಬರೂ ಬಿಟ್ಟುಬಿಡ್ತಾರೆ" ಎಂದಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಅವು ನಕ್ಸಲರ ವರ್ಷಗಳು. ತಿರುನೆಲ್ಲಿಯ ಕಡೆ ಜಮೀನ್ದಾರರ ಮನೆಗಳಿಗೆ ನುಗ್ಗಿದರಂತೆ ಎಂಬ ಸುದ್ದಿ ಬಂದ ಮೇಲೆ ಮಲೆಯಾಳ ಸೀಮೆಯ ಗಡಿಯಲ್ಲಿರುವ ನಮ್ಮ ಬಾವಲಿ ರಸ್ತೆಯಲ್ಲಿ ಎತ್ತಿನ ಗಾಡಿಗಿಂತ ಪೊಲೀಸ್ ಜೀಪೇ ಹೆಚ್ಚಾಗಿತ್ತು. ತಾನು ಉತ್ತ ಗದ್ದೆಯ ಮಾತೆತ್ತಿದವನು, ಕೂಲಿ ಸಾಲದು ಎಂದವನು, ಎಲ್ಲರೂ ಒಂದೇ ಪಟ್ಟಿಗೆ ಸೇರುತ್ತಿದ್ದರು. ಹಾಡಿಯಿಂದ ಗಂಡಸರನ್ನು ಕರೆದೊಯ್ಯುತ್ತಿದ್ದರು. ಕೆಲವರು ನಾಲ್ಕು ದಿನಕ್ಕೆ ಹಿಂತಿರುಗುತ್ತಿದ್ದರು, ಕೆಲವರು ತಿಂಗಳಿಗೆ. ನಮ್ಮವರಿಗೆ ರಸ್ತೆ ಬದಿಯಲ್ಲಿ ಸಣ್ಣ ದಿನಸಿ ಅಂಗಡಿ. ಗಡಿಯಲ್ಲಿ ಬದುಕುವವರು ಎರಡು ಕಡೆಯವರಿಗೂ ಮುಖ ನೆನಪಿರದ ಹಾಗೆ ಇರಬೇಕು ಎಂಬುದು ಅವರ ಮಾತು. ಮೈಸೂರಿನ ಕಾನ್ವೆಂಟಿನಲ್ಲಿ ಕಸೂತಿಯನ್ನೂ ಕೆಳದನಿಯಲ್ಲಿ ಮಾತಾಡುವುದನ್ನೂ ಕಲಿತು ಮದುವೆಯಾಗಿ ಬಂದವಳಿಗೆ ಆ ಮಾತು ಪಾಲಿಸುವುದೇನೂ ಕಷ್ಟವಿರಲಿಲ್ಲ. ಅಚ್ಯುತ ಮಾಷ್ ಬಂದು ನನ್ನ ಹೊಲಿಗೆ ಯಂತ್ರವನ್ನು ಕೇಳುವ ತನಕ.

ಅವರು ನಮ್ಮ ಊರಿನ ಶಾಲೆಗೆ ಡ್ರಾಯಿಂಗ್ ಮಾಷ್ ಆಗಿ ಬಂದವರು. ತೆಳ್ಳಗಿನ ಆಳು, ತುಸು ಬಾಗಿದ ಮಂಡಿ, ಶರ್ಟಿನ ಎರಡನೇ ಗುಂಡಿ ಸದಾ ಬೇರೆ ಬಣ್ಣದ್ದು. ಎದುರು ಬಂದವರಿಗೆ ಮೊದಲು ಕಾಣುತ್ತಿದ್ದುದು ಅವರ ಬೆರಳು. ಶಾಲೆಗೆ ಬಣ್ಣದ ಪೆಟ್ಟಿಗೆ ಬರುವುದಿಲ್ಲವೆಂದು ಬಣ್ಣವನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು, ಇದ್ದಿಲು ಅರೆದು ಕಪ್ಪು, ಯಾವುದೋ ಎಲೆ ಹಿಂಡಿ ಹಸಿರು, ಹೊಳೆದಂಡೆಯ ಮಣ್ಣಿನಿಂದ ಕಾವಿ. ಉಗುರಿನ ಸಂದಿಯ ಬಣ್ಣ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ನನಗೆ ಅದನ್ನು ನೋಡಲು ಕಸಿವಿಸಿ. ಕಾನ್ವೆಂಟಿನಲ್ಲಿ ದಿನಾ ಬೆಳಿಗ್ಗೆ ಉಗುರು ತೋರಿಸಿ ಒಳಗೆ ಹೋದವಳಲ್ಲವೇ ನಾನು.

ಆ ಬೆರಳುಗಳೇ ಒಮ್ಮೆ ಅವರನ್ನು ಸಿಕ್ಕಿಸಿದವು. ಚೆಕ್‌ಪೋಸ್ಟಿನ ಗೋಡೆಯ ಮೇಲೆ ಯಾರೋ ಕೆಂಪಕ್ಷರದಲ್ಲಿ ಬರೆದು ಹೋಗಿದ್ದರು. ಬೆಳಿಗ್ಗೆ ಆ ದಾರಿಯಲ್ಲಿ ಬಂದವರೆಲ್ಲರ ಕೈಯನ್ನು ಪೊಲೀಸರು ನೋಡುತ್ತಿದ್ದರು. ಮಾಷ್ ಹತ್ತೂ ಬೆರಳು ಬಿಡಿಸಿ ಮುಂದೆ ಹಿಡಿದು, ಎಲ್ಲ ಬಣ್ಣವೂ ಉಂಟು, ನಿಮಗೆ ಯಾವುದು ಬೇಕು ಎಂದರಂತೆ. ಆ ತಮಾಷೆಗೆ ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ನಿಲ್ಲಿಸಿದರು. ಸಂಜೆ ನಮ್ಮ ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಾ ಅದನ್ನು ಅವರೇ ಹೇಳಿ ನಕ್ಕರು. ಮಜ್ಜಿಗೆ ಮಾತ್ರ ಲೋಟದಿಂದ ಜಗಲಿಯ ಮೇಲೆ ತುಳುಕಿತ್ತು. ನಾನು ನೋಡಿದ್ದು ಅವರಿಗೆ ಗೊತ್ತಾಗಿ ಲೋಟವನ್ನು ಕೆಳಗಿಟ್ಟರು.

ಮಾಷಿಗೆ ಒಂದೇ ಹಂಬಲ. ನಮ್ಮ ಶಾಲೆ ಏಳನೇ ತರಗತಿಗೆ ಮುಗಿಯುತ್ತಿತ್ತು. ಎಂಟಕ್ಕೆ ಮಾನಂದವಾಡಿ ಪೇಟೆಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕು. ಹಾಡಿಯ ಮಕ್ಕಳು ಪಾಸಾಗುತ್ತಿದ್ದರು, ಹೈಸ್ಕೂಲಿಗೆ ಹೋಗುತ್ತಲೂ ಇದ್ದರು, ಮೂರನೇ ದಿನಕ್ಕೆ ಕಾಡುದಾರಿ ಹಿಡಿದು ನಡೆದೇ ಮನೆಗೆ ಬಂದುಬಿಡುತ್ತಿದ್ದರು. ಆಮೇಲೆ ಊರಿನ ಜಮೀನ್ದಾರರಾದ ದೊಡ್ಡಮನೆಯವರ ಗದ್ದೆಯಲ್ಲಿ ಕಾಣುತ್ತಿದ್ದರು. ಒಮ್ಮೆ ಆ ಗದ್ದೆಗೆ ಇಳಿದವರು ಮೇಲೆ ಬಂದದ್ದನ್ನು ನಾನಂತೂ ನೋಡಿಲ್ಲ. ಮಕ್ಕಳಿಗೆ ಬುದ್ಧಿ ಸಾಲದು ಎಂದು ಉಳಿದ ಮಾಷುಗಳು ಹೇಳುತ್ತಿದ್ದರು. ಅಚ್ಯುತ ಮಾಷ್ ಹಿಂತಿರುಗಿದ ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದರು. ಕಂಡಕ್ಟರ್ ಖಾಲಿ ಸೀಟಿನಿಂದಲೂ ಎಬ್ಬಿಸಿದ್ದ. ಹೆಸರು ಕೂಗಿದಾಗ ಎದ್ದು ನಿಂತು ಏನು ಹೇಳಬೇಕೋ ತಿಳಿದಿರಲಿಲ್ಲ. ಒಂದಕ್ಕೆ ಎಲ್ಲಿಗೆ ಹೋಗಬೇಕೆಂದು ಯಾರನ್ನು ಕೇಳಬೇಕೋ ಗೊತ್ತಾಗದೆ ಒಬ್ಬ ಹುಡುಗ ಸಂಜೆವರೆಗೆ ತಡೆದುಕೊಂಡಿದ್ದ.

"ಇದು ಪಾಠದ ಸಂಗತಿಯೇ ಅಲ್ಲ ಅಕ್ಕಾ. ಇದು ರಂಗಕ್ಕೆ ಮೊದಲ ಸಲ ಹೋಗುವವನ ಹೆದರಿಕೆ. ಹೆದರಿಕೆಗೆ ಒಂದು ವೇಷ ಕಟ್ಟಿಬಿಡಬೇಕು. ಆಮೇಲೆ ಅದು ನಾವು ಹೇಳಿದ ಹಾಗೆ ಕುಣೀತದೆ" ಎಂದರು.

ಅಂದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಶಾಲೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಹೈಸ್ಕೂಲಿನ ಆಟ ಶುರುವಾಯಿತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಸ್ಸು ಬರೆದರು. ಬಾಗಿಲು, ಮೆಟ್ಟಿಲು, ಸೀಟು, ಹಿಡಿದುಕೊಳ್ಳುವ ಕಂಬಿ ಎಲ್ಲ ಬಂದವು. ಅದರ ಪಕ್ಕ ಗೇಟು, ಎಡಕ್ಕೆ ಹೆಡ್‌ಮಾಷ್ ಕೋಣೆ, ಹಿಂದೆ ಕಕ್ಕಸು. ಮೊರಕ್ಕೆ ಹಳೆ ಕಾಗದ ಅಂಟಿಸಿ, ಕಣ್ಣಿಗೆ ತೂತು ಕೊರೆದು ಮುಖವಾಡ ಮಾಡಿದರು. ಕಂಡಕ್ಟರನಿಗೊಂದು, ಹೆಡ್‌ಮಾಷಿಗೊಂದು, ನೋಡಿ ನಗುವ ಪೇಟೆ ಹುಡುಗಿಗೊಂದು. ಎಲ್ಲ ಮಕ್ಕಳೂ ಎಲ್ಲ ಮುಖವಾಡವನ್ನೂ ಸರದಿಯಂತೆ ಹಾಕಿಕೊಳ್ಳಬೇಕು. ಹೆದರಿಸುವವರಾಗಿ ನೋಡಿದ ಮೇಲೆ ಹೆದರಿಕೆಯ ಒಳಗಡೆ ಏನಿದೆ ಅಂತ ಗೊತ್ತಾಗುತ್ತದಂತೆ. ನಾನು ಕಾಫಿಪುಡಿಯ ಬಾಕಿ ಚೀಟಿ ಕೊಡುವ ನೆಪದಲ್ಲಿ ಹೋಗಿ ನೋಡಿದೆ. ಒಬ್ಬ ಹುಡುಗ ಕಂಡಕ್ಟರನಾಗಿ ಉಳಿದವರನ್ನು ಎಬ್ಬಿಸುತ್ತಾ ತಾನೇ ನಗು ತಡೆಯಲಾರದೆ ಸೀಟಿನ ಗೆರೆಯ ಮೇಲೆ ಉರುಳಿಬಿದ್ದ.

ಅವರಲ್ಲಿ ಬೆಳ್ಳಿ ಎಂಬ ಹುಡುಗಿ. ಹಣೆಯ ಮೇಲೆ ಸುಟ್ಟ ಗಾಯದ ಸಣ್ಣ ಕಲೆ, ಕಿವಿಯಲ್ಲಿ ಬಿದಿರಿನ ತುಂಡು. ಶರಟು ಹಾಕಿದ ಗಂಡಸು ಎದುರಿಗೆ ಬಂದರೆ ಅವಳ ಬಾಯಿ ಮುಚ್ಚಿಹೋಗುತ್ತಿತ್ತು. ಪೇಟೆಯ ಹೈಸ್ಕೂಲಿನ ಬಲಬದಿಯ ಮೂರು ಕೋಣೆಗಳಲ್ಲಿ ಆ ವರ್ಷ ಪೊಲೀಸರ ಕ್ಯಾಂಪು. ಅವಳ ಅಪ್ಪನನ್ನು ಒಂಬತ್ತು ದಿನ ಇಟ್ಟುಕೊಂಡದ್ದು ಅಲ್ಲಿಯೇ. ಬಂದಾಗ ಅವನ ಎಡಗಿವಿ ಕೇಳಿಸುತ್ತಿರಲಿಲ್ಲ. ಬೆಳ್ಳಿಗೆ ಹೈಸ್ಕೂಲು ಎಂದರೆ ಅಪ್ಪನ ಕಿವಿ ಹೋದ ಜಾಗ. ಸೀಮೆಸುಣ್ಣದ ಗೇಟಿನವರೆಗೆ ಬಂದು ನಿಂತುಬಿಡುತ್ತಿದ್ದಳು. ಬರೀ ಗೆರೆ. ಅದನ್ನೂ ದಾಟುತ್ತಿರಲಿಲ್ಲ.

ಮಾಷ್ ಎರಡು ವಾರ ಸುಮ್ಮನಿದ್ದು ಮೂರನೆಯ ವಾರ ಇನ್ನೊಂದು ಮುಖವಾಡ ತಂದರು. ಪೊಲೀಸಿನವನದು. ಅದನ್ನು ಬೆಳ್ಳಿಯ ಕೈಗೇ ಕೊಟ್ಟರು.

ನಾನು ಮಕ್ಕಳ ಅಳತೆ ತೆಗೆಯಲು ಹೋಗಿದ್ದ ದಿನವೇ ಅದು ನಡೆಯಿತು. ವರ್ಷದ ಕೊನೆಗೆ ಶಾಲೆಯಲ್ಲಿ ಆ ಆಟವನ್ನು ಎಲ್ಲರ ಮುಂದೆ ಆಡಿಸುವುದೆಂದು ಮಾಷ್ ತೀರ್ಮಾನಿಸಿದ್ದರು. ಬೇರೆ ವೇಷ ಬೇಡ, ಹೈಸ್ಕೂಲಿನ ಸಮವಸ್ತ್ರವೇ ವೇಷವಾಗಲಿ, ಮೈಗೆ ಅಭ್ಯಾಸವಾಗುತ್ತದೆ ಎಂದು ಅವರ ಲೆಕ್ಕಾಚಾರ. ನಾನು ಟೇಪು ಹಿಡಿದು ಒಬ್ಬನ ಭುಜ ಅಳೆಯುತ್ತಿದ್ದೆ. ಬೆಳ್ಳಿ ಪೊಲೀಸ್ ಮುಖವಾಡ ಹಾಕಿಕೊಂಡು ಗೆರೆಯ ಗೇಟಿನಲ್ಲಿ ನಿಂತು, ಬಂದವರನ್ನೆಲ್ಲ ತಡೆಯುತ್ತಿದ್ದಳು. ಹೊರಗೆ ಜೀಪು ನಿಂತ ಸದ್ದು ನನಗೆ ಮೊದಲು ಕೇಳಿಸಿತು. ಬೂಟಿನ ಗಂಡಸೊಬ್ಬ ಬಾಗಿಲಲ್ಲಿ ನಿಂತ. ಹಿಂದೆ ಇನ್ನಿಬ್ಬರು. ಮಕ್ಕಳೆಲ್ಲ ಸೌದೆಯ ರಾಶಿಗೆ ಒತ್ತಿಕೊಂಡರು. ಮುಖವಾಡದೊಳಗಿದ್ದ ಬೆಳ್ಳಿ ಒಬ್ಬಳೇ ಗೇಟಿನಲ್ಲಿ ಉಳಿದಳು.

ಇದೇನು ಎಂದು ಆತ ಮಲೆಯಾಳದಲ್ಲಿ ಕೇಳಿದ. ಮಾಷ್ ನಾಟಕ ಎಂದರು. ಈ ಪೊಲೀಸು ಯಾರಿಗೆ ಹೊಡೆಯುತ್ತಿದ್ದಾನೆ ಎಂದು ಆತ ಮತ್ತೆ ಕೇಳಿದ. ಮಾಷ್ ಬಾಯಿ ತೆರೆಯುವ ಮೊದಲೇ ಮೊರದ ಹಿಂದಿನಿಂದ ತೆಳ್ಳಗಿನ ದನಿ ಬಂತು. ಹಾಡಿಯವರ ಮಾತು ನಮ್ಮ ಕನ್ನಡವೂ ಅಲ್ಲ, ಪೂರಾ ಮಲೆಯಾಳವೂ ಅಲ್ಲ. ನನ್ನ ಕಿವಿಗೆ ತಿಳಿದಂತೆ ಬರೆಯುತ್ತೇನೆ.

"ಹೊಡೀತಿಲ್ಲ. ಹೆಸರು ಕೇಳ್ತಿದೀನಿ."

ಆತ ಬಗ್ಗಿ ಮೊರದ ಕಣ್ಣುತೂತಿನೊಳಗೆ ನೋಡಿದ. ಹಾಗಾದರೆ ನಿನ್ನ ಹೆಸರು ಹೇಳು ಎಂದ. ಬೆಳ್ಳಿ ತನ್ನ ಹೆಸರು ಹೇಳಿದಳು, ಅಪ್ಪನ ಹೆಸರನ್ನೂ ಹೇಳಿದಳು. ಅಪ್ಪನ ಹೆಸರು ಕೇಳಿದಾಗ ಹಿಂದಿದ್ದ ಪೇದೆಯೊಬ್ಬ ಬೇರೆ ಕಡೆ ನೋಡಿದ. ಮುಂದಿದ್ದಾತ ಬಂದು ಅವಳ ಮುಖದಿಂದ ಆ ಮೊರವನ್ನು ತೆಗೆದು, ತಿರುಗಿಸಿ ನೋಡಿ, ಜೀಪಿನಲ್ಲಿ ಇಟ್ಟುಕೊಂಡು ಹೋದ. ನನ್ನ ಕೈಯಲ್ಲಿದ್ದ ಟೇಪು ಹುಡುಗನ ಭುಜದ ಮೇಲೆ ಒದ್ದೆಯಾಗಿತ್ತು. ಮಾಷ್ ನೆಲದ ಗೆರೆಯನ್ನೇ ನೋಡುತ್ತಿದ್ದರು. ಬೆಳ್ಳಿಯ ಎರಡೂ ಪಾದಗಳು ಗೇಟಿನ ಒಳಗಿದ್ದವು.

ಆ ರಾತ್ರಿ ನಮ್ಮವರಿಗೆ ವಿಷಯ ಹೇಳಿದೆ. "ನಿನ್ನ ಹೊಲಿಗೆ ಯಂತ್ರ ನಮ್ಮನ್ನೂ ಯಾವುದಕ್ಕೆ ಸೇರಿಸಿ ಹೊಲಿಯುತ್ತೋ ನೋಡೋಣ" ಎಂದರು. ಹೊಲಿಯಬೇಡ ಎನ್ನಲಿಲ್ಲ. ಆರು ಮಕ್ಕಳಿಗೆ ಆರು ಬಿಳಿ ಅಂಗಿ, ನೀಲಿ ಲಂಗ, ನೀಲಿ ಚಡ್ಡಿ. ಬೆಳೆಯುವ ಮಕ್ಕಳೆಂದು ಅಂಚಿನಲ್ಲಿ ಎರಡು ಬೆರಳು ಬಟ್ಟೆ ಒಳಗೆ ಮಡಿಸಿದೆ.

ಬಟ್ಟೆ ಕೊಟ್ಟದ್ದು ಮಾರ್ಚಿನಲ್ಲಿ, ನಮ್ಮ ಅಂಗಳದಲ್ಲಿ. ಮಾಷ್ ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಬೆಳೆದವರು. ಅಲ್ಲಿ ಮೊದಲ ವೇಷವನ್ನು ಸುಮ್ಮನೆ ಕೊಡುವುದಿಲ್ಲವಂತೆ, ವೀಳ್ಯದೆಲೆ ಅಡಿಕೆ ಇಟ್ಟು ಕೊಡಬೇಕಂತೆ. ಹಾಗೆಯೇ ಮಡಿಸಿದ ಒಂದೊಂದು ಬಟ್ಟೆಯ ಮೇಲೂ ಎಲೆ ಅಡಿಕೆ ಇಟ್ಟು, ಮಕ್ಕಳನ್ನು ಹೆಸರು ಹಿಡಿದು ಕರೆದು ಕೊಟ್ಟರು. ಜತೆಯಲ್ಲಿ ಬಂದಿದ್ದ ಹಾಡಿಯ ಹಿರಿಯ ಮಾರ ಮೂಪ, ಬೆಳ್ಳಿಯ ಅಜ್ಜ, ಒಂದೊಂದು ಬಟ್ಟೆಯನ್ನೂ ಎರಡು ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಸಂಕೋಚಕ್ಕೆ ಹಾಗೆ ಮಾಡಿದನೆಂದುಕೊಂಡೆವು. ಆಟ ಚೆನ್ನಾಗಿಯೇ ಆಯಿತು. ಬಟ್ಟೆಗಳು ಹಾಡಿಗೆ ಹೋದವು.

ಇನ್ನು ಮೊದಲಿಗೆ ಹೇಳಿದ ಆ ಜೂನಿನ ಬೆಳಗಿನ ವಿಷಯ. ಅದು ಹೈಸ್ಕೂಲು ತೆರೆಯುವ ದಿನ. ಬಸ್ಸು ನಮ್ಮ ಅಂಗಡಿಯ ಎದುರೇ ನಿಲ್ಲುವುದರಿಂದ ಆರೂ ಮಕ್ಕಳು ನಮ್ಮ ಅಂಗಳಕ್ಕೆ ಬರುವುದೆಂದಾಗಿತ್ತು. ಮಾಷ್ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕುಳಿತಿದ್ದರು. ಹಾಡಿಯ ದಾರಿಯಲ್ಲಿ ಸಾಲು ಕಾಣಿಸಿತು. ಮುಂದೆ ಮಾರ ಮೂಪ, ಹಿಂದೆ ಮಕ್ಕಳು. ಯಾರ ಮೈಯಲ್ಲೂ ಬಿಳಿ ಅಂಗಿಯಿರಲಿಲ್ಲ. ಸೊಂಟಕ್ಕೆ ಹಳೆ ತುಂಡು ಕಟ್ಟಿಕೊಂಡು, ಕೈಯಲ್ಲಿ ಕುಡುಗೋಲು, ಗುದ್ದಲಿ ಹಿಡಿದಿದ್ದರು. ಅಂಗಳದ ಕೆಳಗೆ ಹಲಸಿನ ಮರದ ಬಳಿ ಸಾಲಾಗಿ ನಿಂತರು.

ಮಾಷ್ ಇಳಿದು ಹೋಗಿ, ಅಂಗಿ ಎಲ್ಲಿ, ಇದೇನು ಎಂದು ಕೇಳಿದರು. ಮೂಪನಿಗೆ ಆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಬಟ್ಟೆ ಕೊಟ್ಟೋರು ನೀವು. ಮಳೆ ಬಿತ್ತು. ಎಲ್ಲಿ ನಿಲ್ಲಬೇಕು ಹೇಳಿ" ಎಂದ.

ಆಗ ನನಗೆ ಹೊಳೆಯಿತು. ಆ ಕಡೆಯ ಪದ್ಧತಿ ನನಗೆ ಗೊತ್ತಿರದೆ ಇರಲಿಲ್ಲ. ಪೇಟೆಯಾಚೆಯ ಕಾವಿನಲ್ಲಿ, ಅಂದರೆ ದೇವಿಯ ಬನದಲ್ಲಿ, ಮಾರ್ಚ್ ತಿಂಗಳ ಉತ್ಸವದಲ್ಲಿ ದೇವಿಯ ಎದುರು ಧಣಿ ಕೊಟ್ಟ ಬಟ್ಟೆ ಹಿಡಿದರೆ, ಆ ವರ್ಷವೆಲ್ಲ ಅವನ ಕೆಳಗೆ ದುಡಿಯಲು ನಿಂತಂತೆ. ಬೇರೆಯವರು ಕರೆಯುವಂತಿಲ್ಲ, ಇವರು ಹೋಗುವಂತಿಲ್ಲ. ಆ ವರ್ಷ ಪೊಲೀಸರ ಕಣ್ಣಿದೆ ಎಂದು ಧಣಿಗಳು ಕಾವಿನವರೆಗೆ ಹೋಗದೆ ತಂತಮ್ಮ ಅಂಗಳದಲ್ಲೇ ಬಟ್ಟೆ ಕೊಟ್ಟಿದ್ದರು. ಅದೇ ವಾರ, ನಮ್ಮ ಅಂಗಳದಲ್ಲಿ ನಾವು ಎಲೆ ಅಡಿಕೆ ಇಟ್ಟು ಬಟ್ಟೆ ಕೊಟ್ಟಿದ್ದೆವು. ಮೂಪನ ಮಟ್ಟಿಗೆ ಮಾಷ್ ಆರು ಮಕ್ಕಳನ್ನು ಒಂದು ವರ್ಷಕ್ಕೆ ನಿಲ್ಲಿಸಿಕೊಂಡಿದ್ದರು. ಹೈಸ್ಕೂಲಿನ ಆಟ ಅವನಿಗೆ ಆಟವೇ ಆಗಿತ್ತು. ಬಟ್ಟೆ ಮಾತ್ರ ನಿಜ.

ಮಾಷ್ ಅಂಗಳದ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಯಾರೂ ಯಾರ ಕೆಳಗೂ ನಿಲ್ಲುವುದಿಲ್ಲ ಎಂದು ವರ್ಷವಿಡೀ ಆ ಮಕ್ಕಳಿಗೆ ಹೇಳಿದವರು. ಅದನ್ನೇ ಈಗ ಮೂಪನಿಗೆ ವಿವರಿಸತೊಡಗಿದರು. ಬಟ್ಟೆಗೆ ಯಾವ ಕಟ್ಟೂ ಇಲ್ಲ, ಅದು ಶಾಲೆಯದು ಎನ್ನುತ್ತಿದ್ದಂತೆಯೇ ರಸ್ತೆಯ ಕಡೆಯಿಂದ ಕೇಳಪ್ಪ ಬಂದ. ದೊಡ್ಡಮನೆಯ ಕಾರ್ಯಸ್ಥ. ಮಳೆಗಾಲಕ್ಕೆ ಆಳು ಕೂಡಿಸಲು ಹೊರಟವನು, ಹಿಂದೆ ಇಬ್ಬರು.

ಹಾಡಿಯಲ್ಲಿ ಆರು ಜತೆ ಕೈ ಕಡಿಮೆ ಇದೆ ಎಂದು ಹುಡುಕಿಕೊಂಡು ಬಂದಿದ್ದ. ಬೆಳ್ಳಿಯ ಅಪ್ಪ ದೊಡ್ಡಮನೆಯ ಕೆಳಗೆ ನಿಂತವನು, ಮಗಳು ಬೇರೆ ಹೇಗಾದಾಳು ಎಂದ. ಗುದ್ದಲಿ ಹೇಗೂ ತಂದಿದ್ದಾರೆ, ನಡೆಯಿರಿ ಎಂದ. ಮೂಪ ನೆಲ ನೋಡಿಕೊಂಡೇ, ಆದರೆ ಸ್ಪಷ್ಟವಾಗಿ, ಇವರು ಬೇರೆಯವರ ಬಟ್ಟೆ ಹಿಡಿದಾಗಿದೆ ಎಂದ. ಕೇಳಪ್ಪ ನನ್ನತ್ತ ತಿರುಗಿದ.

"ಹೌದಾ ಅಮ್ಮಾವ್ರೇ? ನಿಮ್ಮ ಮುಟ್ಟದಲ್ಲಿ ಬಟ್ಟೆ ಕೊಟ್ಟು ನಿಲ್ಲಿಸಿಕೊಂಡಿದ್ದೀರಾ?"

ಮುಟ್ಟ ಎಂದರೆ ಅಂಗಳ. ನಮ್ಮವರು ಅಂಗಡಿಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಇಲ್ಲ ಎಂದರೆ ಆರೂ ಮಕ್ಕಳು ಈ ಹೊತ್ತೇ ಆ ಗದ್ದೆಗೆ. ಹೌದೆಂದರೆ ಮಾಷ್ ಹೇಳಿದ್ದೆಲ್ಲ ಅವರ ಕಣ್ಣೆದುರೇ ಸುಳ್ಳು. ಬೆಳ್ಳಿ ಗುದ್ದಲಿಯ ಹಿಡಿಯ ಮೇಲೆ ಗಲ್ಲ ಊರಿ ಮಾಷನ್ನು ನೋಡುತ್ತಿದ್ದಳು.

ಮಾಷ್ ಎದ್ದು ನಿಂತರು. ಹೆಗಲ ಮೇಲಿನ ಟವೆಲನ್ನು ಕೊಡವಿ ಎಡಭುಜದ ಮೇಲೆ ಅಗಲಕ್ಕೆ ಹಾಕಿಕೊಂಡರು. ಬಾಗಿದ್ದ ಮಂಡಿ ನೆಟ್ಟಗಾಯಿತು. ಅವರ ದನಿ ಹಾಗೆ ದಪ್ಪವಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಬಟ್ಟೆ ನನ್ನದು. ಎಲೆ ಅಡಿಕೆ ನನ್ನದು. ಈ ವರ್ಷ ಈ ಆರೂ ಜನ ನಾನು ಹೇಳಿದಲ್ಲಿ ನಿಲ್ಲಬೇಕು. ದೊಡ್ಡಮನೆಯ ಬಟ್ಟೆ ಹಿಡಿದವರನ್ನು ನಾನು ಕರೆದರೆ ನೀವು ಬಿಡ್ತೀರಾ ಕೇಳಪ್ಪ? ಹಾಗಾದರೆ ನನ್ನವರನ್ನು ಕರೆಯಲಿಕ್ಕೆ ನೀವು ಯಾರು?"

ಆ ಪದ್ಧತಿಯನ್ನು ಕೇಳಪ್ಪನೇ ಮುರಿದರೆ ದೊಡ್ಡಮನೆಯ ಗದ್ದೆಯಲ್ಲಿ ನಾಳೆ ಯಾರು ನಿಲ್ಲುತ್ತಾರೆ? ಬಾಯಲ್ಲಿದ್ದ ಎಲೆಯನ್ನು ನಮ್ಮ ಬೇಲಿಯ ಬುಡದಲ್ಲಿ ಉಗುಳಿದ. "ಮಾಷೂ ಜನ್ಮಿ ಆದಿರೋ, ಧಣಿ ಆದಿರೋ. ನಡೀಲಿ. ಜನ ಕೂಡಿಸ್ತಾ ಇದೀರಿ ಅಂತ ಕ್ಯಾಂಪಿನವರಿಗೂ ಗೊತ್ತಿರಲಿ, ಅಲ್ವಾ" ಎಂದು ನಕ್ಕು ಹೊರಟ.

ಮಾಷ್ ಅದೇ ದನಿಯಲ್ಲಿ ಮೂಪನಿಗೆ, ಕುಡುಗೋಲು ಮನೆಗೆ ಹೋಗಲಿ, ಇವತ್ತಿನ ಕೆಲಸ ಪೇಟೆಯಲ್ಲಿ, ಕೊಟ್ಟ ಬಟ್ಟೆ ಹಾಕಿಕೊಂಡು ಬರಲಿ ಎಂದು ಅಪ್ಪಣೆ ಮಾಡಿದರು. ಮೂಪನ ಮುಖದಲ್ಲಿ ನೆಮ್ಮದಿ ಕಂಡಿತು. ಕೊನೆಗೂ ಧಣಿ ಧಣಿಯ ಹಾಗೆ ಮಾತಾಡಿದ್ದ. ಮಕ್ಕಳು ಓಡಿದರು. ಬೆಳ್ಳಿ ಮಾತ್ರ ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು.

"ಮಾಷೆ, ಇದು ಆಟವಾ, ನಿಜವಾ?"

"ಗೇಟಿನವರೆಗೆ ಆಟ. ದಾಟಿದ ಮೇಲೆ ನೀನೇ ಹೇಳು."

ಅವಳು ಹೋದ ಮೇಲೆ ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಕಾಫಿ ಆರಿತ್ತು. "ಅಕ್ಕಾ, ಎಂತೆಂಥ ವೇಷ ಕಟ್ಟಿದ್ದೇನೆ. ಜನ್ಮದಲ್ಲಿ ಕಟ್ಟಬಾರದು ಅಂತ ಇಟ್ಟುಕೊಂಡದ್ದು ಇದೊಂದೇ" ಎಂದರು. ನಾನೂ ಪೇಟೆಯವರೆಗೆ ಬರುತ್ತೇನೆ ಎಂದು ಯಾಕೆ ಹೇಳಿದೆನೋ ತಿಳಿಯದು. ಹೆಣ್ಣುಮಕ್ಕಳ ಜತೆ ಹೆಂಗಸೊಬ್ಬಳು ಇರಲಿ ಎಂದು ನಮ್ಮವರಿಗೆ ಹೇಳಿದೆ. ಅವರು ಕೊಡೆ ತಂದು ಕೈಗೆ ಕೊಟ್ಟರು.

ಬಸ್ಸಿನಲ್ಲಿ ಕಂಡಕ್ಟರ್ ಮಕ್ಕಳನ್ನು ಎಬ್ಬಿಸಲು ನೋಡಿದ. ಹಿಂದೆ ಆಟದಲ್ಲಿ ಅವನಾಗಿದ್ದ ಹುಡುಗನೇ ಟಿಕೆಟನ್ನು ಎತ್ತಿ ತೋರಿಸಿದ, ಏಳಲಿಲ್ಲ. ಕಾಡು ಮುಗಿಯುವಲ್ಲಿ ದೊಡ್ಡಮನೆಯ ಜೀಪು ನಮ್ಮ ಬಸ್ಸನ್ನು ಹಿಂದೆ ಹಾಕಿ ಹೋಯಿತು. ಮುಂದಿನ ಸೀಟಿನಲ್ಲಿ ಕೇಳಪ್ಪ. ನಾನೂ ನೋಡಿದೆ, ಮಾಷೂ ನೋಡಿದರು. ಆ ಕಡೆ ಕಿಟಕಿಯಲ್ಲಿ ಜಿಂಕೆ ಉಂಟು ನೋಡಿ ಎಂದು ಮಕ್ಕಳನ್ನು ಇನ್ನೊಂದು ಬದಿಗೆ ತಿರುಗಿಸಿದರು. ಜಿಂಕೆ ಇರಲಿಲ್ಲ. ಇಳಿದು ತಿರುಗಿ ಹೋಗೋಣವೇ ಎಂದು ನಾನು ಮೆಲ್ಲನೆ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. ಇವತ್ತು ಹೆಸರು ದಾಖಲಾಗದಿದ್ದರೆ ನಾಳೆ ಇವರನ್ನು ಮನೆಯಿಂದ ಹೊರಡಿಸಲು ಯಾವ ವೇಷಕ್ಕೂ ಆಗುವುದಿಲ್ಲ ಎಂದರು.

ಹೈಸ್ಕೂಲಿನ ಗೇಟು ಅವರು ಬರೆದಂತೆಯೇ ಇತ್ತು. ಒಳಗೆ ಎಡಕ್ಕೆ ಹೆಡ್‌ಮಾಷ್ ಕೋಣೆಯ ಜಗಲಿ, ಬಲಕ್ಕೆ ಕ್ಯಾಂಪಿನ ಜಗಲಿ. ಹಗ್ಗದ ಮೇಲೆ ಖಾಕಿ ಬಟ್ಟೆ ಒಣಹಾಕಿದ್ದರು. ಗೇಟಿನಲ್ಲಿ ಇಬ್ಬರು ಪೇದೆಗಳು ಕಾಯುತ್ತಿದ್ದರು. ಮಾಷನ್ನು ಹೆಸರು ಹಿಡಿದೇ ಕರೆದರು. ಸಾಹೇಬರು ನಾಲ್ಕು ಮಾತು ಕೇಳಬೇಕಂತೆ, ಈ ಕಡೆ ಬನ್ನಿ ಎಂದರು. ಮಾತಿನಲ್ಲಿ ಮರ್ಯಾದೆಯಿತ್ತು. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಮಾಷ್ ನನ್ನನ್ನಾಗಲಿ ಮಕ್ಕಳನ್ನಾಗಲಿ ತಿರುಗಿ ನೋಡಲಿಲ್ಲ. ನೋಡಿದ್ದರೆ ಮಕ್ಕಳು ಅಲ್ಲೇ ನಿಂತುಬಿಡುತ್ತಿದ್ದರು. ಬಲಗಡೆಗೆ ನಡೆದು ಹೋದರು.

ಇನ್ನೊಬ್ಬ ಪೇದೆ ಮಕ್ಕಳಿಗೆ ಕೋಲು ಅಡ್ಡ ಹಿಡಿದು, ಇವರು ಯಾರ ಕಡೆಯವರು ಎಂದು ನನ್ನನ್ನು ಕೇಳಿದ. ನಾನು ಉತ್ತರ ಹುಡುಕುತ್ತಿದ್ದೆ. ಬೆಳ್ಳಿ ನನ್ನ ಸೆರಗಿನ ಹಿಂದಿನಿಂದ ಮುಂದಕ್ಕೆ ಬಂದಳು. ಕೈ ಎರಡೂ ನಾನು ಹೊಲಿದ ಅಂಗಿಯ ಅಂಚನ್ನು ಹಿಡಿದಿದ್ದವು. ಆತನ ಮುಖವನ್ನೇ ನೋಡುತ್ತಾ ಮಲೆಯಾಳದಲ್ಲಿ, ಪಾಠ ಒಪ್ಪಿಸುವಂತೆ ಹೇಳಿದಳು.

"ಎಂಟನೇ ಕ್ಲಾಸಿನವರು."

ಕೋಲು ಸರಿಯಿತು. ಅವಳು ಗೇಟು ದಾಟಿ ಎಡಕ್ಕೆ ತಿರುಗಿದಳು, ಉಳಿದ ಐವರು ಹಿಂದೆ. ಗುಮಾಸ್ತ ದೊಡ್ಡ ಪುಸ್ತಕ ತೆರೆದು ರಕ್ಷಕರ ಸಹಿ ಕೇಳಿದ. ಮಾಷ್ ಮಾಡಬೇಕಾಗಿದ್ದ ಸಹಿ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಕೂಡುಬರಹದಲ್ಲಿ ಆರು ಕಡೆ ನನ್ನ ಹೆಸರು ಬರೆದೆ. ನನಗೆ ಬೇರೆ ಸಹಿ ಬರುತ್ತಿರಲಿಲ್ಲ. ಆತ ಅದನ್ನು ಎರಡು ಸಲ ನೋಡಿ, ಮುಂದೇನೂ ಕೇಳದೆ ಮುದ್ರೆ ಒತ್ತಿದ.

ಮಧ್ಯಾಹ್ನದವರೆಗೆ ಕಾದೆ. ಬಲಗಡೆಯ ಬಾಗಿಲು ತೆರೆಯಲಿಲ್ಲ. ಆಮೇಲೆ ತಿಳಿದದ್ದಿಷ್ಟು. ಆ ಮೊರದ ಮುಖವಾಡವನ್ನು ಮೇಜಿನ ಮೇಲಿಟ್ಟುಕೊಂಡು ಅವರನ್ನು ಪ್ರಶ್ನಿಸಿದರಂತೆ. ಕೆಲವು ವಾರ ಇಟ್ಟುಕೊಂಡು ಬಿಟ್ಟರಂತೆ, ಎಲ್ಲಿಗೋ ದೂರಕ್ಕೆ ವರ್ಗವಾಯಿತಂತೆ. ಅವರ ಚಾಪೆ, ಟ್ರಂಕು ಒಯ್ಯಲು ತಮ್ಮ ಎಂದು ಹೇಳಿಕೊಂಡು ಒಬ್ಬರು ಬಂದಿದ್ದರು. ಕೊಟ್ಟಿಗೆಯ ನೆಲದ ಬಸ್ಸನ್ನು ನೋಡಿ, ಇದೇನು ಎಂದು ಕೇಳಿದರು. ನಾನು ಅಚ್ಯುತ ಮಾಷನ್ನು ಮತ್ತೆ ನೋಡಲಿಲ್ಲ. ಬಲಕ್ಕೆ ನಡೆದು ಹೋದ ಬೆನ್ನು, ಅದರ ಮೇಲೆ ಮತ್ತೆ ಸುಮ್ಮನೆ ಜೋತುಬಿದ್ದಿದ್ದ ಟವೆಲು, ಅಷ್ಟೇ ನನ್ನ ಪಾಲಿಗೆ ಉಳಿದದ್ದು.

ಆ ಸಂಜೆಯ ಬಸ್ಸಿನಲ್ಲಿ ಮಕ್ಕಳೊಂದಿಗೆ ಹಿಂತಿರುಗಿದೆ. ಮಾಷ್ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಇಳಿದವರು ಹಾಡಿಯ ದಾರಿ ಹಿಡಿದರು. ನಾಳೆ ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ. ಬಟ್ಟೆ ಕೊಟ್ಟ ಧಣಿಯೇ ಇಲ್ಲದ ಮೇಲೆ ಅವರು ಯಾರ ಮಾತಿಗೆ ಹೊರಡಬೇಕು? ಮೂರು ದಿನವಾದರೂ ಹಿಂದಿನವರು ಹೋಗಿದ್ದರು. ಇವರದು ಒಂದೇ ದಿನಕ್ಕೆ ಮುಗಿಯಿತೆಂದುಕೊಂಡು ಕಾಲು ತೊಳೆದು ಒಳಗೆ ಬಂದೆ. ನಮ್ಮವರು ಏನಾಯಿತೆಂದು ಕೇಳಿದರು. ಹೇಳಿದೆ. ಎದ್ದು ಹೋಗಿ ಅಂಗಡಿಯ ಹಲಗೆಗಳನ್ನು ಹೊತ್ತಿಗೆ ಮೊದಲೇ ಹಾಕಿದರು.

ದೀಪ ಹಚ್ಚುವ ವೇಳೆಗೆ ಪುಟ್ತಾಯಕ್ಕ ಹೆಪ್ಪಿಗೆ ಬಂದಳು. ಪಕ್ಕದಲ್ಲೇ ಚಹದಂಗಡಿ ಇಟ್ಟುಕೊಂಡಿದ್ದ ಹೆಗ್ಗಡದೇವನಕೋಟೆ ಕಡೆಯ ಹೆಂಗಸು. ಹಸು ಹಾಲು ಇಳಿಸಿದ್ದು, ಸೌದೆ ಒದ್ದೆಯಾದದ್ದು, ಎಲ್ಲ ಹೇಳಿದಳು. ನಾನು ಹೂಂ ಎನ್ನುತ್ತಾ ಬಟ್ಟಲಿಗೆ ಮೊಸರು ಹಾಕಿ ಕೊಟ್ಟೆ. ಹೊಸ್ತಿಲು ದಾಟಿ ಕೊಡೆ ಬಿಚ್ಚುತ್ತಾ ಅಂದಳು:

"ಬಿಳೀ ಅಂಗಿ ಹಾಕ್ಕಂಡು ಹಾಡಿ ಹುಡುಗಿ ಒಬ್ಳು, ಹಣೆ ಮೇಲೆ ಸುಟ್ಟ ಕಲೆ ಐತಲ್ಲ ಅವ್ಳೇ, ಹಾಡಿ ದಾರೀಲಿ ಅರ್ಧ ಹೋದೋಳು ವಾಪಸ್ ಬಂದು ನನ್ನಂಗಡಿ ಮುಂದೆ ನಿಂತ್ಕಂಡ್ಳು ಕಣವ್ವ. ನಾಳೆ ಬಸ್ಸು ಎಷ್ಟೊತ್ಗೆ ಅಂತ ಮೂರು ಸಲ ಕೇಳಿದ್ಳು. ಗಡಿಯಾರ ಇಲ್ಲದೋರಿಗೆ ಏನಂತ ಹೇಳನ, ಕೋಳಿ ಕೂಗಿದ್ ಮೇಲೆ ಬಾ ಅಂದೆ."